ಕೇಳಿ ಕಲಿತ ಕೊರಳು: ಕುಂದಗೋಳದ ರಾಮಭಾವು

ಭಾನುವಾರದ ಆರಾಧನೆಯ ಸಂದೇಶ, ಬರಹ ರೂಪದಲ್ಲಿ
ವಾಕ್ಯಭಾಗ: ಧರ್ಮೋಪದೇಶಕಾಂಡ 31, 1 ಪೂರ್ವಕಾಲವೃತ್ತಾಂತ 25, ಅಪೊಸ್ತಲರ ಕೃತ್ಯಗಳು 4

ಹಿಂದೆ ಕೂತವರಿಗೆ ಕೇಳಸ್ತದೇನ್ರಿ? ಸ್ವಲ್ಪ ಮುಂದೆ ಬರ್ರಿ, ಜಮಖಾನದ ಮೇಲೆ ಜಾಗ ಐತಿ.

ಇವತ್ತು ಮೂರು ವಾಕ್ಯಭಾಗಗಳನ್ನು ಧ್ಯಾನಿಸೋಣ. ಬೈಬಲ್ ತಂದವರು ತೆಗೆದು ಇಟ್ಟುಕೊಳ್ಳಿರಿ. ಓದಲು ಬಾರದವರು ನಾಚಿಕೊಳ್ಳಬೇಡಿರಿ, ಸುಮ್ಮನೆ ಕೇಳಿರಿ. ಇವತ್ತಿನ ಸಂದೇಶ ಮೊದಲು ನಿಮಗೆ, ಆಮೇಲೆ ಓದು ಬಂದವರಿಗೆ.

ಸಂದೇಶಕ್ಕೆ ಮುಂಚೆ ಸಭೆಯ ಎದುರಿಗೆ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಳೆದ ವರ್ಷ ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ನಮ್ಮ ಸಭೆಗೆ ಕೀಬೋರ್ಡ್ ಬಂತು. ನಮ್ಮ ಹುಡುಗರು ಹುಬ್ಬಳ್ಳಿಗೆ ಹೋಗಿ ಕಲಿತು ಬಂದರು. ಹಾಡಿನ ಸಾಲುಗಳ ಮೇಲೆ ಸ್ವರ ಬರೆದು, ಝೆರಾಕ್ಸ್ ಮಾಡಿಸಿ, ಗಾಯನ ತಂಡದವರಿಗೆಲ್ಲ ಒಂದೊಂದು ಹಾಳೆ ಕೊಟ್ಟೆವು. ಆಗ ಒಂದು ನಿಯಮ ಮಾಡಿದವನು ನಾನೇ. ಹಾಳೆ ನೋಡಿ ಹಾಡಲು ಬರುವವರು ಮಾತ್ರ ಮುಂದೆ ನಿಲ್ಲಬೇಕು, ಉಳಿದವರು ಕೂತಲ್ಲೇ ಹಾಡಲಿ ಅಂದೆ. ನೋಡೋದಕ್ಕೆ ಚೆಂದ ಇರಬೇಕು, ಎಲ್ಲರೂ ಒಂದೇ ರೀತಿ ಹಾಡಬೇಕು ಅನ್ನುವುದು ನನ್ನ ವಿಚಾರ.

ಅವತ್ತಿನಿಂದ ಒಬ್ಬ ತಾಯಿ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂಡಲು ಶುರು ಮಾಡಿದರು. ಹೆಸರು ಹೇಳುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಂದಿ ಹೊಲದಲ್ಲಿ ಕಳೆ ತೆಗೆದು, ಮೆಣಸಿನಕಾಯಿ ಬಿಡಿಸಿ ಮನೆ ನಡೆಸಿದವರು. ಈ ಸಭೆ ತಗಡಿನ ಶೆಡ್ಡಿನಲ್ಲಿ ಇದ್ದಾಗಿನಿಂದ ಗಾಯನ ತಂಡದ ಮುಂದಿನ ಸಾಲಿನಲ್ಲಿ ನಿಂತವರು. ಅವರು ಒಂದು ಮಾತೂ ಅನ್ನಲಿಲ್ಲ. ನನಗೆ ಕಾಣಿಸಿತು, ಆದರೂ ಕಾಣದವನಂತೆ ಇದ್ದೆ.

ಈ ಮಳೆಗಾಲದಲ್ಲಿ ನಮ್ಮವರ ಒಂದು ಮನೆಯಲ್ಲಿ ಸಾವಾಯಿತು. ರಾತ್ರಿ ಹೆಣದ ಸುತ್ತ ಕೂತಿದ್ದೇವೆ, ಹೊರಗೆ ಮಳೆ, ಕರೆಂಟ್ ಹೋಯಿತು. ಹಾಳೆ ಇದೆ, ಓದಲು ಬೆಳಕಿಲ್ಲ. ನಮ್ಮ ಹುಡುಗರು ಮೊದಲ ಎರಡು ಚರಣ ಹಾಡಿ ನಿಂತರು. ಪಾಸ್ಟರ್ ಆದ ನನಗೆ ಮೂರನೆಯದರ ಅರ್ಧ ಬಂತು. ಆಗ ಮೂಲೆಯಿಂದ ಆ ತಾಯಿ ಎತ್ತಿಕೊಂಡರು. ಏಳೂ ಚರಣ, ಒಂದು ಅಕ್ಷರ ತಪ್ಪದೆ, ಒಂದು ಸಾಲು ತಾವು ಹಾಡಿ, ಅದೇ ಸಾಲು ನಮ್ಮಿಂದ ಹಾಡಿಸಿದರು. ಗಂಡನನ್ನು ಕಳೆದುಕೊಂಡ ಆ ಮನೆಯ ತಂಗಿ ಅದುವರೆಗೆ ಕಲ್ಲಿನಂತೆ ಕೂತಿದ್ದಳು. ಆ ಹಾಡಿಗೆ ಬಾಯಿ ಬಿಟ್ಟು ಅತ್ತಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ವಾರವೇ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದೆ. ದೇಶಪಾಂಡೆ ನಗರದ ಸವಾಯಿ ಗಂಧರ್ವ ಹಾಲ್ ಮುಂದೆ ಹಾದು ಬಂದೆ. ನೂರು ಸಲ ಆ ಬೋರ್ಡ್ ಓದಿದ್ದೇನೆ. ಅವತ್ತು ಮಾತ್ರ ನಿಂತು ವಿಚಾರ ಮಾಡಿದೆ. ಈ ಮನುಷ್ಯ ನಮ್ಮ ತಾಲೂಕಿನವನಲ್ಲವೇ? ಇವನು ಹಾಡು ಕಲಿತದ್ದು ಹೇಗೆ?

ಪಾಸ್ಟರ್ ವೇದಿಕೆಯ ಮೇಲೆ ನಿಂತು ನಾಟಕದಲ್ಲಿ ಹಾಡಿದವರ ಕಥೆ ಯಾಕೆ ಹೇಳ್ತಾರೆ ಅಂತ ಕೆಲವರಿಗೆ ಅನ್ನಿಸಬಹುದು. ಖರೇ, ಅವರು ನಮ್ಮ ವಿಶ್ವಾಸದವರಲ್ಲ. ಆದರೆ ನಮ್ಮ ಕರ್ತನು ಬಿತ್ತುವವನ ಕಥೆ ಹೇಳಿದನು, ಕಾಸು ಕಳೆದುಕೊಂಡ ಹೆಂಗಸಿನ ಕಥೆ ಹೇಳಿದನು, ಅನ್ಯಾಯಗಾರ ನ್ಯಾಯಾಧೀಶನ ಕಥೆಯನ್ನೂ ಹೇಳಿದನು. ಸೊಲೊಮೋನನು ಸೋಮಾರಿಯನ್ನು ಇರುವೆಯ ಹತ್ತಿರ ಪಾಠಕ್ಕೆ ಕಳಿಸಿದನು. ಇರುವೆಯಿಂದ ಕಲಿಯಬಹುದಾದರೆ ಕುಂದಗೋಳದ ಒಬ್ಬ ಮನುಷ್ಯನಿಂದ ಕಲಿಯಬಾರದೇನ್ರಿ?

ಅವರ ಹೆಸರು ರಾಮಚಂದ್ರ. ತಂದೆಯ ಹೆಸರು ಗಣೇಶ, ಮನೆತನದ ಹೆಸರು ಸಂಶಿ. ನಮ್ಮ ಸಂಶಿ ಊರಿನ ಹೆಸರೇ ಅದು. ಎಲ್ಲರೂ ಕರೆಯುತ್ತಿದ್ದದ್ದು ರಾಮಭಾವು ಅಂತ. ಹುಟ್ಟಿದ್ದು 1886ರ ಜನವರಿ 19ರಂದು, ಅಮರಗೋಳದಲ್ಲಿ. ಬೆಳೆದದ್ದು ಕುಂದಗೋಳದಲ್ಲಿ. ಆಗ ಕುಂದಗೋಳ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ, ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತ ಎರೆ ಹೊಲ, ಹತ್ತಿ, ಜೋಳ. ಊರಿನಲ್ಲಿ ನಾಡಿಗೇರ ಮನೆತನದವರ ದೊಡ್ಡ ವಾಡೆ. ತಂದೆ ಆ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು, ಅಂದರೆ ಲೆಕ್ಕಪತ್ರ ಬರೆಯುವ ಕೆಲಸ.

ಲೆಕ್ಕ ಬರೆಯುವ ತಂದೆಗೆ ಮಗ ಓದಿ ಮುಂದೆ ಬರಲಿ ಅನ್ನುವ ಆಸೆ ಇರುವುದು ಸಹಜ. ಆದರೆ ಹುಡುಗನಿಗೆ ಪುಸ್ತಕ ಹತ್ತಲಿಲ್ಲ. ಅವನಿಗೆ ಹತ್ತಿದ್ದು ಭಜನೆ. ಎಲ್ಲಿ ಭಜನೆ ಇದೆಯೋ ಅಲ್ಲಿ ಅವನ ಕಿವಿ. ಕೇಳಿದ್ದನ್ನು ಹಾಗೇ ಹಿಡಿದು ಹಾಡುತ್ತಿದ್ದನು. ನಮ್ಮ ಮನೆಗಳಲ್ಲೂ ಇಂಥ ಮಕ್ಕಳು ಇದ್ದಾರೆ, ಹೌದಿಲ್ಲೋ? ಮಗ್ಗಿ ಬರೋದಿಲ್ಲ, ಹಾಡು ಒಂದು ಸಲ ಕೇಳಿದರೆ ಸಾಕು. ಅಂಥ ಮಗುವಿಗೆ ನಾವು ದಡ್ಡ ಅಂತ ಹೆಸರಿಡುತ್ತೇವೆ. ರಾಮಭಾವು ಅವರ ತಂದೆ ಹಾಗೆ ಮಾಡಲಿಲ್ಲ. ಮಗನನ್ನು ಬಲವಂತರಾವ್ ಕೊಲ್ಹಟಕರ ಎಂಬ ಗಾಯಕರ ಹತ್ತಿರ ಬಿಟ್ಟರು. ಅವರು ಬಾಯಿಪಾಠದಲ್ಲೇ ಧ್ರುಪದ, ತರಾನಾ ಕಲಿಸಿದರು, ತಾಳ ಕಲಿಸಿದರು. ಆದರೆ 1898ರಲ್ಲಿ ಅವರು ತೀರಿಹೋದರು. ಹುಡುಗನಿಗೆ ಆಗ ಹನ್ನೆರಡು ವರ್ಷ.

ಇಲ್ಲಿ ಸ್ವಲ್ಪ ನಿಲ್ರಿ. ಕಾಗದದಿಂದ ಕಲಿತವನಿಗೆ ಗುರು ಸತ್ತರೆ ಕಾಗದ ಉಳಿಯುತ್ತದೆ. ಕಿವಿಯಿಂದ ಕಲಿಯುವವನಿಗೆ ಗುರು ಸತ್ತರೆ ಬಾಗಿಲೇ ಮುಚ್ಚಿದ ಹಾಗೆ. ಕಿವಿಯ ಕಲಿಕೆಗೆ ಜೀವಂತ ಮನುಷ್ಯ ಬೇಕು, ಹತ್ತಿರ ಬೇಕು. ಈ ಮಾತನ್ನು ನೆನಪಿನಲ್ಲಿ ಇಡ್ರಿ, ಕೊನೆಗೆ ಮತ್ತೆ ಬರುತ್ತೇನೆ.

ಆ ಕಾಲದಲ್ಲಿ ಉತ್ತರದ ಕಿರಾಣಾ ಎಂಬ ಊರಿನ ದೊಡ್ಡ ಗಾಯಕ ಅಬ್ದುಲ್ ಕರೀಮ್ ಖಾನ್ ನಮ್ಮ ಕಡೆಗೆ ಬರುತ್ತಿದ್ದರು. ಮೈಸೂರು ಅರಮನೆಗೆ ಹೋಗುವಾಗ, ಬರುವಾಗ ಧಾರವಾಡ, ಹುಬ್ಬಳ್ಳಿಯಲ್ಲಿ ಇಳಿಯುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರಿಗೆ ಆದರ ಇತ್ತು. ರಾಮಭಾವು ಅವರ ಹಾಡು ಖಾನ್ ಸಾಹೇಬರ ಕಿವಿಗೆ ಬಿತ್ತು. ಕಲಿಸಲು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಹುಡುಗ ಎಂಟು ವರ್ಷ ತಮ್ಮ ಜೊತೆಗೇ ಇರಬೇಕು.

ಎಂಟು ವರ್ಷ! ನಾವು ಶನಿವಾರ ಸಂಜೆ ಒಂದು ತಾಸಿನ ಪ್ರಾಕ್ಟೀಸಿಗೆ ಬರ್ರಿ ಅಂದರೆ ನೂರು ಕಾರಣ ಹೇಳ್ತೀವಿ. ಗುರು ಮುಸಲ್ಮಾನರು, ಶಿಷ್ಯ ಬ್ರಾಹ್ಮಣರ ಹುಡುಗ. ನೂರಾ ಇಪ್ಪತ್ತು ವರ್ಷದ ಹಿಂದಿನ ಕುಂದಗೋಳ ಅದು, ಮಡಿ ಮೈಲಿಗೆಯ ಕಾಲ. ಆದರೂ ತಂದೆ ಮಗನನ್ನು ಕಳಿಸಿದರು, ಮಗ ಹೋದನು.

ಅಲ್ಲಿ ಕಲಿಕೆ ಹೇಗಿತ್ತು? ತಂಬೂರಿ ಶ್ರುತಿ ಮಾಡಿ ಗುರು ಒಂದು ಸ್ವರ ಹಾಡುತ್ತಾರೆ. ಶಿಷ್ಯ ಅದನ್ನೇ ಹಾಡುತ್ತಾನೆ. ಸರಿಯಾಗಿಲ್ಲ. ಮತ್ತೆ. ಸರಿಯಾಗಿಲ್ಲ. ಮತ್ತೆ. ಸ್ವರಗಳಿಗೆ ಹೆಸರು ಇದ್ದವು, ಸಾ ರಿ ಗ ಮ ಇತ್ತು, ಆದರೆ ಅದೂ ಗುರುವಿನ ಬಾಯಿಂದಲೇ ಬರುವುದು. ಕಿರಾಣಾ ಪದ್ಧತಿಯಲ್ಲಿ ಅವಸರವೇ ಇಲ್ಲ. ಒಂದೊಂದೇ ಸ್ವರದ ಮೇಲೆ ನಿಂತು, ಅದನ್ನು ಪೂರ್ತಿ ತಿಳಿದು, ಆಮೇಲೆ ಮುಂದಿನದಕ್ಕೆ ಹೋಗುವುದು. ಎರೆ ಹೊಲದಲ್ಲಿ ಮಳೆ ಬಿದ್ದ ಕೂಡಲೇ ಹೆಜ್ಜೆ ಇಟ್ಟರೆ ಕಾಲು ಹೂತು ಹೋಗ್ತದ, ನಿಮಗೆ ಗೊತ್ತು. ಹದ ಬರೋವರೆಗೆ ಕಾಯಬೇಕು. ಹಾಗೆ.

ಅದರ ಮಧ್ಯೆ ಒಂದು ಕಷ್ಟ ಬಂತು. ಹರೆಯಕ್ಕೆ ಬಂದಾಗ ಹುಡುಗನ ಧ್ವನಿ ಒಡೆಯಿತು. ಇಂಪಾಗಿದ್ದ ಕೊರಳು ಒರಟಾಯಿತು, ಹೇಳಿದ ಕಡೆ ತಿರುಗದಾಯಿತು. ಹಾಡುವುದೊಂದೇ ಬರುತ್ತಿದ್ದ ಹುಡುಗನಿಗೆ ಅದೇ ಕೈಬಿಟ್ಟಿತು. ಅನೇಕರು ಅಲ್ಲಿಗೆ ಬಿಟ್ಟುಬಿಡುತ್ತಾರೆ. ಗುರು ಬಿಡಲಿಲ್ಲ, ಶಿಷ್ಯನೂ ಬಿಡಲಿಲ್ಲ. ಒರಟು ಧ್ವನಿಯನ್ನೇ ದಿನದಿನವೂ ತಿದ್ದಿ ತೀಡಿ ಮೆತ್ತಗೆ ಮಾಡಿದರು. ಮುಂದೆ ಜನ ಅವರನ್ನು ಹೊಗಳಿದ್ದು ಹುಟ್ಟಿನಿಂದ ಬಂದ ಧ್ವನಿಗಾಗಿ ಅಲ್ಲ, ದುಡಿದು ಗಳಿಸಿದ ಧ್ವನಿಗಾಗಿ.

ದೇವಜನರೇ, ವರ ಅನ್ನುವ ಮಾತನ್ನು ನಾವು ಭಾಳ ಸುಲಭವಾಗಿ ಬಳಸುತ್ತೇವೆ. ನನಗೆ ಹಾಡುವ ವರ ಇಲ್ಲ ಪಾಸ್ಟರ್ ಅಂತೀರಿ. ಒಂದನೇ ಪೂರ್ವಕಾಲವೃತ್ತಾಂತ 25 ನೋಡ್ರಿ. ದಾವೀದನು ದೇವಾಲಯದ ಸೇವೆಗೆ ಗಾಯಕರನ್ನು ನೇಮಿಸಿದಾಗ ಅವರ ಲೆಕ್ಕ 288 ಅಂತ ಬರೆದಿದೆ. ಅವರೆಲ್ಲ ಕರ್ತನ ಹಾಡಿನಲ್ಲಿ ಶಿಕ್ಷಣ ಹೊಂದಿದವರು. ವರ ಇತ್ತು, ಶಿಕ್ಷಣವೂ ಇತ್ತು. ಸರದಿಗೆ ಚೀಟಿ ಹಾಕುವಾಗ ಹಿರಿಯ ಕಿರಿಯ ಎಂಬ ಭೇದ ಇರಲಿಲ್ಲ, ಗುರು ಶಿಷ್ಯ ಎಂಬ ಭೇದವೂ ಇರಲಿಲ್ಲ. ಓದು ಬಂದವರಿಗೆ ಒಂದು ಸಾಲು, ಬಾರದವರಿಗೆ ಒಂದು ಸಾಲು ಎಂದು ದಾವೀದನು ಮಾಡಲಿಲ್ಲ. ನಾನು ಮಾಡಿದೆ.

ರಾಮಭಾವು ಆಮೇಲೆ ಮರಾಠಿ ನಾಟಕ ಕಂಪನಿ ಸೇರಿದರು. ಆ ಕಾಲದಲ್ಲಿ ಗಂಡಸರೇ ಸ್ತ್ರೀ ಪಾತ್ರ ಮಾಡುತ್ತಿದ್ದರು. ಮಹಾರಾಷ್ಟ್ರದ ಊರೂರುಗಳಲ್ಲಿ ಹಾಡಿ ಹೆಸರು ಮಾಡಿದರು. ಅಲ್ಲಿ ಬಾಲಗಂಧರ್ವ ಎಂಬ ನಟ ಬಹಳ ಪ್ರಸಿದ್ಧರಾಗಿದ್ದರು. ಕುಂದಗೋಳದ ಈ ಗಾಯಕನಿಗೆ ಸವಾಯಿ ಗಂಧರ್ವ ಎಂಬ ಬಿರುದು ಬಂತು. ಸವಾಯಿ ಅಂದರೆ ಒಂದೂ ಕಾಲು, ಒಂದಕ್ಕಿಂತ ಒಂದು ತೂಕ ಹೆಚ್ಚು. ಹೆಸರು ಬಂತು, ಚಪ್ಪಾಳೆ ಬಂತು. ಆದರೆ ನಾನು ಹೇಳಬೇಕೆಂದಿರುವುದು ಚಪ್ಪಾಳೆಯ ಮಾತಲ್ಲ. ನಾಟಕ ಬಿಟ್ಟು ಕುಂದಗೋಳಕ್ಕೆ ಮರಳಿ ಬಂದ ಮೇಲಿನ ಮಾತು.

ಗದಗಿನಲ್ಲಿ ಒಬ್ಬ ಹುಡುಗ ಇದ್ದ, ಭೀಮಸೇನ ಜೋಶಿ. ಅಂಗಡಿಯಲ್ಲಿ ಹಚ್ಚಿದ ಗ್ರಾಮೋಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಮ್ ಖಾನರ ಹಾಡು ಕೇಳಿದನು. ಆ ಹಾಡು ಅವನನ್ನು ಮನೆಯಲ್ಲಿ ಕೂಡಗೊಡಲಿಲ್ಲ. 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದನು. ರೈಲಿನಲ್ಲಿ ಹಾಡುತ್ತಾ ಗ್ವಾಲಿಯರ್ ತನಕ ಹೋದನು, ಕಲ್ಕತ್ತಾ ಹೋದನು, ಪಂಜಾಬಿನ ಜಲಂಧರಕ್ಕೂ ಹೋದನು. ಕೊನೆಗೆ ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನ ಎಂಬ ಗಾಯಕರು ಅವನಿಗೆ ಬುದ್ಧಿ ಹೇಳಿದರು. ಇಷ್ಟು ದೂರ ಯಾಕೆ ಅಲೆಯುತ್ತೀ, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ, ಅವರ ಹತ್ತಿರ ಹೋಗು ಎಂಬ ಅರ್ಥದಲ್ಲಿ. ದೇಶವೆಲ್ಲ ಸುತ್ತಿ ಬಂದರೂ ಗುರು ಸಿಕ್ಕದ್ದು ಗದಗಿನಿಂದ ಒಂದು ದಿನದ ದಾರಿಯೊಳಗೆ. ನಮ್ಮ ಕಣ್ಣ ಮುಂದೆ ಇರುವುದನ್ನು ಬಿಟ್ಟು ದೂರ ಹುಡುಕುವುದು ನಮ್ಮ ಅಭ್ಯಾಸ. ಹಾಡುಗಾರರು ಬೇಕೆಂದು ನಾನು ಹುಬ್ಬಳ್ಳಿ ಕಡೆ ನೋಡಿದೆ. ಹಾಡು ಚಪ್ಪಲಿಯ ಹತ್ತಿರ ಕೂತಿತ್ತು.

1936ರಲ್ಲಿ ಭೀಮಸೇನರು ಕುಂದಗೋಳಕ್ಕೆ ಬಂದರು. ಬಂದ ಕೂಡಲೇ ಪಾಠ ಶುರುವಾಗಲಿಲ್ಲ. ಗುರುಮನೆಯ ನೀರು ಹೊತ್ತರು, ಮನೆಗೆಲಸ ಮಾಡಿದರು. ಕೆಲಸ ಮಾಡುತ್ತಲೇ ಕಿವಿ ತೆರೆದಿಟ್ಟರು. ಪಾಠ ಶುರುವಾದ ಮೇಲೂ ಗುರು ರಾಶಿ ರಾಶಿ ಕೊಡಲಿಲ್ಲ. ಮುಖ್ಯವಾಗಿ ಮೂರೇ ರಾಗ. ಮುಂಜಾನೆಗೆ ತೋಡಿ, ಮಧ್ಯಾಹ್ನಕ್ಕೆ ಮುಲ್ತಾನಿ, ಸಂಜೆಗೆ ಪೂರಿಯಾ. ಆ ಮೂರು ಗಟ್ಟಿಯಾದರೆ ಉಳಿದದ್ದಕ್ಕೆ ದಾರಿ ತಾನೇ ತೆರೆಯುತ್ತದೆ ಎಂಬ ನಂಬಿಕೆ. ಆ ಹುಡುಗನಿಗೆ ಮುಂದೆ, 2008ರಲ್ಲಿ, ದೇಶದ ಅತಿ ದೊಡ್ಡ ಪ್ರಶಸ್ತಿ ಭಾರತ ರತ್ನ ಘೋಷಣೆಯಾಯಿತು.

ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. ಅವರ ಶಾಲೆ ಐದನೇ ಇಯತ್ತೆಗೆ ನಿಂತಿತ್ತು. ಮನೆ, ಮಕ್ಕಳು, ಬಡತನ ಎಲ್ಲ ಇದ್ದರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳ ಸ್ಟೇಶನ್ನಿನಲ್ಲಿ ಇಳಿದು ಗುರುಮನೆಗೆ ಬರುತ್ತಿದ್ದರು. ಪಾಠ ಮುಗಿಸಿ ಮತ್ತೆ ರೈಲು ಹಿಡಿದು ಮನೆಗೆ. ನಾವು ಇವತ್ತೂ ಅದೇ ರೈಲ್ವೆ ಲೈನ್ ದಾಟಿ ಹೊಲಕ್ಕೆ ಹೋಗುತ್ತೇವೆ. ಟಾನ್ಸಿಲ್ ಆಪರೇಷನ್ ಆದ ಮೇಲೆ ಅವರ ತೆಳು ಧ್ವನಿ ಹೋಗಿ ಗಂಡು ಧ್ವನಿಯಂತೆ ದಪ್ಪವಾಯಿತು. ತಮ್ಮ ಧ್ವನಿಯೇ ಒಡೆದು ಹೋದ ದಿನ ಕಂಡಿದ್ದ ಗುರುವಿಗೆ ಒಡೆದ ಧ್ವನಿಯವರಿಗೆ ಕಲಿಸುವುದು ಹೊಸದಲ್ಲ. ಮುಂಬೈಯ ಪಾರ್ಸಿ ಹುಡುಗ ಫಿರೋಜ್ ದಸ್ತೂರ್ ಬಂದು ಕಲಿತರು. ನಮ್ಮ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು ಕೂಡ ಇವರ ಹತ್ತಿರ ಕಲಿತರು. ರಾಜಗುರು ಅವರ ಮೊದಲ ಗುರು ಗದಗಿನ ಪಂಚಾಕ್ಷರಿ ಗವಾಯಿಗಳು. ಅವರಿಗೆ ಹುಟ್ಟಿನಿಂದ ಕಣ್ಣೇ ಇರಲಿಲ್ಲ. ಕಾಗದ ಕಾಣದವರು ಎಷ್ಟು ಜನರಿಗೆ ಹಾಡು ಕೊಟ್ಟರು ನೋಡ್ರಿ.

ಹಾಗಾದರೆ ಕಾಗದ ಬೇಡವೇ? ಕಾಗದವನ್ನು ಹಳಿಯಲು ನಾನು ನಿಂತಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಗ್ವಿಡೋ ಎಂಬ ಒಬ್ಬ ಸನ್ಯಾಸಿ ಇದ್ದನು. ಚರ್ಚಿನ ಗಾಯಕ ಹುಡುಗರು ವರ್ಷಗಟ್ಟಲೆ ಬಾಯಿಪಾಠ ಮಾಡುವುದನ್ನು ಕಂಡು, ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಗಟ್ಟಿ ಮಾಡಿದನು. ಕೇಳದ ಹಾಡನ್ನೂ ಗುರುವಿಲ್ಲದೆ ಹಾಡಲಿ ಎಂಬುದು ಅವನ ಉದ್ದೇಶ. ನಮ್ಮ ದೇಶದಲ್ಲಿ ರಾಮಭಾವು ಅವರ ಕಾಲದಲ್ಲೇ ಭಾತಖಂಡೆ, ಪಲುಸ್ಕರ ಎಂಬ ಇಬ್ಬರು ಹಿರಿಯರು ಹಾಡುಗಳನ್ನು ಬರೆದಿಡುವ ಪದ್ಧತಿ ಮಾಡಿದರು. ಅದರಿಂದ ಎಷ್ಟೋ ಹಾಡುಗಳು ಉಳಿದವು. ಧಾರವಾಡಕ್ಕೆ 1853ರಲ್ಲಿ ಬಂದ ಕಿಟೆಲ್ ಪಾದ್ರಿಗಳು ಕನ್ನಡದ ನಿಘಂಟು ಬರೆದರು, ಕರ್ತನ ಚರಿತ್ರೆಯನ್ನು ನಮ್ಮ ಧಾಟಿಯ ಹಾಡಾಗಿ ಕಥಾಮಾಲೆ ಎಂದು ಬರೆದು 1862ರಲ್ಲಿ ಅಚ್ಚು ಹಾಕಿಸಿದರು. ಬರಹ ದೇವರ ದಾನ.

ಆದರೆ ಗ್ವಿಡೋ ಮಾಡಿದ ಅನುಕೂಲದಲ್ಲೇ ಒಂದು ಅಪಾಯ ಇದೆ. ಕಾಗದ ಇದ್ದರೆ ಗುರು ಬೇಕಿಲ್ಲ. ಪಕ್ಕದವನೂ ಬೇಕಿಲ್ಲ. ನಾನು, ನನ್ನ ಹಾಳೆ. ಕಿವಿಯಿಂದ ಹಾಡುವವನಿಗೆ ಆ ಸ್ವಾತಂತ್ರ್ಯ ಇಲ್ಲ. ಅವನು ಯಾರದಾದರೂ ಹತ್ತಿರ ಇರಲೇಬೇಕು. ನಮ್ಮ ಹಿರಿಯರು ಕಣದಲ್ಲಿ ರಾತ್ರಿಯೆಲ್ಲ ಹಂತಿಯ ಪದ ಹಾಡಿದರು. ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರು. ಒಬ್ಬರು ಎತ್ತಿಕೊಳ್ಳುವುದು, ಉಳಿದವರು ಹಿಡಿದುಕೊಳ್ಳುವುದು. ಹಾಳೆ ಇಲ್ಲದ ಗಾಯನ ತಂಡ ಅಲ್ಲವೇನ್ರಿ ಅದು? 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪಟ್ಟಣದ ಅಜುಸಾ ಬೀದಿಯಲ್ಲಿ ಪವಿತ್ರಾತ್ಮನ ಉಜ್ಜೀವನ ಶುರುವಾದಾಗ, ಮೊದಮೊದಲ ಕೂಟಗಳಲ್ಲಿ ಹಾಡಿನ ಪುಸ್ತಕವೂ ಇರಲಿಲ್ಲ, ವಾದ್ಯವೂ ಇರಲಿಲ್ಲ. ಬಾಯಿಂದ ಬಾಯಿಗೆ ಹಾಡಿದರು.

ಈಗ ಧರ್ಮೋಪದೇಶಕಾಂಡ 31ಕ್ಕೆ ಬರ್ರಿ. ಮೋಶೆ ಸಾಯುವ ದಿನ ಹತ್ತಿರ ಬಂದಿದೆ. ಆಗ ದೇವರು ಅವನಿಗೆ ಎರಡು ಕೆಲಸ ಒಪ್ಪಿಸುತ್ತಾನೆ. ಒಂದು, ಹಾಡನ್ನು ಬರೆಯುವುದು. ಎರಡು, ಅದನ್ನು ಇಸ್ರಾಯೇಲ್ಯರಿಗೆ ಕಲಿಸಿ ಅವರ ಬಾಯಲ್ಲಿ ಇಡುವುದು. ಬರೆದರೆ ಸಾಲದು, ಬಾಯಿಗೆ ಹೋಗಬೇಕು. ಯಾಕೆ? ಕಷ್ಟಕಾಲದಲ್ಲಿ ಆ ಹಾಡು ಸಾಕ್ಷಿಯಾಗಿ ನಿಲ್ಲಬೇಕು. ಕಷ್ಟಕಾಲದಲ್ಲಿ ಯಾರು ಪುಸ್ತಕ ಹುಡುಕುತ್ತಾರೆ? ಪೌಲ ಮತ್ತು ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದಾಗ ಕಾಲಿಗೆ ಕೊಳ ಇತ್ತು, ಕೈಯಲ್ಲಿ ಪುಸ್ತಕ ಇರಲಿಲ್ಲ. ಕರೆಂಟ್ ಹೋದ ಆ ಸಾವಿನ ಮನೆಯಲ್ಲಿ ನಮಗೆ ಆದದ್ದೂ ಅದೇ.

ರಾಮಭಾವು ಅವರ ಕಥೆಯ ಕೊನೆ ಹೇಳುತ್ತೇನೆ. 1940ರ ದಶಕದ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು, ನಾವು ಲಕ್ವಾ ಅಂತೀವಲ್ಲ, ಅದು. ಅಷ್ಟು ಕಷ್ಟಪಟ್ಟು ಎರಡನೇ ಸಲ ಗಳಿಸಿದ ಧ್ವನಿ, ಅದೂ ಹೋಯಿತು. ಕಛೇರಿಗಳು ನಿಂತವು. ಹಾಡುಗಾರ ಹಾಡಲಾರದೆ ಹತ್ತು ವರ್ಷ ಬದುಕಿದ. ವಿಚಾರ ಮಾಡ್ರಿ, ಅದು ಎಂಥ ನೋವು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು.

ಆದರೆ ಅವರ ಹಾಡು ಆ ದಿನ ಸಾಯಲಿಲ್ಲ. ಅವರ ಕೊರಳು ನಿಲ್ಲುವ ಮುಂಚೆಯೇ ಅದು ಬೇರೆ ಕೊರಳುಗಳಿಗೆ ಹೋಗಿತ್ತು. ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ನೆನಪಿನ ಸಂಗೀತೋತ್ಸವ ಶುರುವಾಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅವರ ಪುಣ್ಯತಿಥಿಗೆ ಹಾಡುವ ಪದ್ಧತಿ ಬಂತು, ದೊಡ್ಡ ದೊಡ್ಡ ಗಾಯಕರು ರಾತ್ರಿಯಿಡೀ ಹಾಡಿದ್ದಾರೆ. ಗಂಗೂಬಾಯಿ 2009ರ ತನಕ, ಭೀಮಸೇನರು 2011ರ ತನಕ ಬದುಕಿದರು. ಗುರು ಹೋದ ಮೇಲೆ ಐವತ್ತಕ್ಕೂ ಹೆಚ್ಚು ವರ್ಷ, ಕುಂದಗೋಳದಲ್ಲಿ ಕಿವಿಗೆ ಬಿದ್ದದ್ದನ್ನು ಜಗತ್ತಿಗೆ ಕೇಳಿಸಿದರು.

ಈಗ ಆಗಲೇ ನೆನಪಿಡಿ ಅಂದ ಮಾತಿಗೆ ಬರುತ್ತೇನೆ. ಅಪೊಸ್ತಲರ ಕೃತ್ಯಗಳು 4. ಪೇತ್ರ ಯೋಹಾನರನ್ನು ಹಿರೀಸಭೆಯ ಮುಂದೆ ನಿಲ್ಲಿಸಿದ್ದಾರೆ. ಓದಿದ ದೊಡ್ಡವರಿಗೆ ಆಶ್ಚರ್ಯ. ಇವರು ಶಾಸ್ತ್ರ ಕಲಿತವರಲ್ಲ, ಸಾಮಾನ್ಯರು, ಇಷ್ಟು ಧೈರ್ಯವಾಗಿ ಹೇಗೆ ಮಾತಾಡುತ್ತಾರೆ? ಕೊನೆಗೆ ಅವರಿಗೆ ಗುರುತು ಹತ್ತಿದ್ದು ಒಂದೇ. ಇವರು ಯೇಸುವಿನ ಜೊತೆ ಇದ್ದವರು. ಅಷ್ಟೇ ಅವರ ಸರ್ಟಿಫಿಕೇಟು. ಸುಮಾರು ಮೂರು ವರ್ಷ ಜೊತೆ ನಡೆದರು, ಜೊತೆ ಉಂಡರು, ಆತನ ಧ್ವನಿ ಕೇಳಿದರು. ಆಮೆನ್? ಓದಲು ಬಾರದವನು ಹತ್ತಿರ ಇದ್ದು ಕಲಿಯಬೇಕು. ಹತ್ತಿರ ಇದ್ದು ಕಲಿತದ್ದು ಕತ್ತಲಲ್ಲೂ ಉಳಿಯುತ್ತದೆ.

ಅದಕ್ಕೇ ಓದಲು ಬಾರದ ನನ್ನ ಅವ್ವಂದಿರೇ, ಅಣ್ಣಂದಿರೇ, ನಿಮಗೆ ಒಂದು ಕಟ್ಟುನಿಟ್ಟಿನ ಮಾತು. ಕಿವಿಯ ಕಲಿಕೆ ಸೋಮಾರಿಗಳ ದಾರಿ ಅಲ್ಲ. ಹಾಳೆ ಇದ್ದವನು ಒಂದು ಶನಿವಾರ ತಪ್ಪಿಸಿದರೂ ಹಾಳೆ ನೋಡಿ ಹಾಡಿಯಾನು. ನೀವು ತಪ್ಪಿಸಿದರೆ ಹಾಡೇ ತಪ್ಪುತ್ತದೆ. ನನಗೆ ಈ ಹಾಡು ಬರ್ತದ ಅಂತ ನಿಮ್ಮದೇ ಧಾಟಿಯಲ್ಲಿ ಎಳೆಯಬೇಡಿರಿ. ಪಕ್ಕದವರ ಧ್ವನಿ ಕೇಳಿಸದಷ್ಟು ಜೋರಾಗಿ ಹಾಡಬೇಡಿರಿ. ಸಾಲು ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಕಿವಿಗೊಟ್ಟು ಕೇಳಿರಿ. ಒಂದು ಸಾಲು ಗಟ್ಟಿಯಾದ ಮೇಲೆ ಇನ್ನೊಂದು.

ಓದು ಬಂದ ನನ್ನ ತಮ್ಮಂದಿರೇ, ತಂಗಿಯರೇ, ನಿಮ್ಮ ಕಲಿಕೆಗಾಗಿ ದೇವರಿಗೆ ಸ್ತೋತ್ರ. ಕೀಬೋರ್ಡ್ ಬಿಡಬೇಡಿರಿ. ಆದರೆ ತಿಂಗಳಿಗೆ ಒಂದು ಹಾಡನ್ನಾದರೂ ಹಾಳೆ ಕೆಳಗಿಟ್ಟು, ಎಲ್ಲ ಚರಣ ಬಾಯಲ್ಲಿ ಇಟ್ಟುಕೊಳ್ಳಿರಿ. ನಮ್ಮ ಹಳೆಯ ಹಾಡುಗಳ ಧಾಟಿ ಯಾರ ಕೊರಳಲ್ಲಿ ಇದೆಯೋ ಅವರ ಪಕ್ಕದಲ್ಲಿ ನಿಲ್ಲಿರಿ. ಅವರು ಹೋದ ಮೇಲೆ ಯಾವ ಮೊಬೈಲಿನಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ.

ಕೊನೆಗೆ, ಹಿಂದೆ ಕೂತಿರುವ ಆ ತಾಯಿಗೆ. ಅವ್ವಾ, ನಾನು ನಿಮ್ಮ ಪಾಸ್ಟರ್, ನಿಮ್ಮ ಮಗನ ವಯಸ್ಸಿನವನು. ನಿಮ್ಮನ್ನು ಅಲ್ಲಿ ಕೂಡಿಸಿದ್ದು ದೇವರಲ್ಲ, ನಾನು. ಸಭೆಯ ಮುಂದೆ ಕ್ಷಮೆ ಕೇಳುತ್ತೇನೆ. ಆ ನಿಯಮ ಇವತ್ತಿಗೆ ಮುಗಿಯಿತು. ಮುಂದಿನ ಸಾಲಿನಲ್ಲಿ ನಿಮ್ಮ ಜಾಗ ಖಾಲಿ ಇದೆ. ಬರಬೇಕು ಅಂತ ಒತ್ತಾಯ ಇಲ್ಲ. ಬಂದರೆ ಹುಡುಗರಿಗೆ ಆ ಏಳು ಚರಣ ಕಲಿಸಬೇಕು. ಮತ್ತೆ ಬುಧವಾರ ಸಂಜೆ ಉಪವಾಸ ಪ್ರಾರ್ಥನೆ ಆದ ಮೇಲೆ ಅಕ್ಷರ ಕಲಿಯಲು ಇಷ್ಟ ಇರುವವರಿಗೆ ನಮ್ಮ ಹುಡುಗರೇ ಅಕ್ಷರ ಕಲಿಸುತ್ತಾರೆ. ಅವರು ನಿಮಗೆ ಅಕ್ಷರ ಕೊಡಲಿ, ನೀವು ಅವರಿಗೆ ಹಾಡು ಕೊಡಿರಿ. ಹಿರಿಯ ಕಿರಿಯ, ಗುರು ಶಿಷ್ಯ, ದಾವೀದನ ಚೀಟಿಯಲ್ಲಿ ಇದ್ದ ಹಾಗ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನೀನು ಮುಖ ನೋಡುವ ದೇವರಲ್ಲ, ಹಾಳೆ ನೋಡುವ ದೇವರೂ ಅಲ್ಲ. ನಮ್ಮ ಒರಟು ಕೊರಳನ್ನು ತಿದ್ದು. ನಮ್ಮ ಕಿವಿಗಳನ್ನು ತೆರೆ. ನಿನ್ನ ಹತ್ತಿರ ಇರುವ ತಾಳ್ಮೆ ಕೊಡು. ನಮ್ಮ ಬಾಯಲ್ಲಿ ಇಟ್ಟ ಹಾಡು ನಮ್ಮ ಮಕ್ಕಳ ಬಾಯಿಗೂ ಹೋಗಲಿ. ಕತ್ತಲಾದ ಮನೆಗಳಲ್ಲಿ ಅದು ನಿನ್ನ ಸಾಕ್ಷಿಯಾಗಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಕೂತುಕೊಳ್ಳಬೇಡಿರಿ. ಕೀಬೋರ್ಡ್ ಸ್ವಲ್ಪ ಹೊತ್ತು ಸುಮ್ಮನಿರಲಿ. ಅವ್ವಾ, ನೀವು ಎತ್ತಿಕೊಳ್ಳಿರಿ, ನಾವು ಹಿಡಿದುಕೊಳ್ಳುತ್ತೇವೆ.